ಸಾರ್ವಕಾಲಿಕವಾಗಿ ನಿಮ್ಮ ಅಚ್ಚುಮೆಚ್ಚಿನ ಬ್ಯಾಸ್ಕೆಟ್‌ಬಾಲ್ ಶೂ ಯಾವುದು?

ಒಂದನ್ನೇ ಆರಿಸಬೇಕೆಂದರೆ, ನೈಕಿ ಕಂಪನಿಯ ವಿನ್ಯಾಸಕ ಟಿಂಕರ್ ಹ್ಯಾಟ್‌ಫೀಲ್ಡ್ ರೂಪಿಸಿದ ಏರ್ ಜೋರ್ಡನ್ 11 ಎಂದು ನಾನು ಹಿಂದೆಮುಂದೆ ನೋಡದೆ ಹೇಳುತ್ತೇನೆ. ಬೇಸ್‌ಬಾಲ್ ಆಡಲು ಹೋಗಿದ್ದ ಬ್ಯಾಸ್ಕೆಟ್‌ಬಾಲ್ ತಾರೆ ಮೈಕಲ್ ಜೋರ್ಡನ್ 1995ರಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಮರಳಿ ಬಂದು, ಆ ವರ್ಷದ ಪ್ಲೇಆಫ್ ಪಂದ್ಯಗಳಲ್ಲಿ ಇದನ್ನು ಮೊದಲ ಬಾರಿಗೆ ಧರಿಸಿದರು. ಅವರ ಚಿಕಾಗೊ ಬುಲ್ಸ್ ತಂಡ 82 ಪಂದ್ಯಗಳಲ್ಲಿ 72ನ್ನು ಗೆದ್ದ ಮುಂದಿನ ಋತುವಿನಲ್ಲಿ ಅವರು ಆಡಿದ್ದೂ ಈ ಶೂ ತೊಟ್ಟೇ.

ಆದರೆ ನನ್ನ ಮೆಚ್ಚುಗೆಗೆ ಗೆಲುವಿನ ನೆನಪೊಂದೇ ಕಾರಣವಲ್ಲ. ಪಾದದ ಸುತ್ತ ಬುಡದಲ್ಲಿ ಹೊಳೆಯುವ ಪೇಟೆಂಟ್ ಚರ್ಮ ಬರೀ ಅಲಂಕಾರವೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಸಾಮಾನ್ಯ ಚರ್ಮಕ್ಕಿಂತ ಕಡಿಮೆ ಹಿಗ್ಗುವುದರಿಂದ, ಓಡುತ್ತಲೇ ಥಟ್ಟನೆ ದಿಕ್ಕು ಬದಲಿಸುವಾಗ ಪಾದ ಅಂಚಿನಿಂದಾಚೆ ಜಾರದಂತೆ ಬಿಗಿಯಾಗಿ ಹಿಡಿದಿಡುತ್ತದೆ. ಅದರ ಮೇಲ್ಭಾಗದ ನೈಲಾನ್ ಬಟ್ಟೆ ತೂಕವನ್ನು ತಗ್ಗಿಸುತ್ತದೆ. ಶೂವನ್ನು ಮಗುಚಿ ನೋಡಿದರೆ, ಮಂಜುಗಡ್ಡೆಯಂಥ ಅರೆಪಾರದರ್ಶಕ ಅಟ್ಟೆಯ ನಡುವೆ, ಪಾದ ತಿರುಚಿಕೊಳ್ಳದಂತೆ ತಡೆಯುವ ಕಾರ್ಬನ್ ಫೈಬರ್ ಫಲಕದ ಚೌಕಳಿ ನೇಯ್ಗೆ ಕಾಣುತ್ತದೆ. ಅದೆಷ್ಟು ಸಲ ನೋಡಿದರೂ ನನಗೆ ತೃಪ್ತಿಯಾಗಿಲ್ಲ.

ಎರಡನೆಯ ಸ್ಥಾನ ಕೋಬಿ 4ಕ್ಕೆ. ಫುಟ್‌ಬಾಲ್ ಆಟಗಾರರು ಗಿಡ್ಡ ಶೂ ತೊಟ್ಟೇ ಚುರುಕಾಗಿ ತಿರುಗುವುದನ್ನು ಕಂಡಿದ್ದ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್, ತಮಗೂ ಕಣಕಾಲು ಮುಚ್ಚದ ಶೂವೇ ಬೇಕೆಂದು ಪಟ್ಟುಹಿಡಿದು ಮಾಡಿಸಿಕೊಂಡದ್ದು ಅದು.