ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್ ಪರೀಕ್ಷೆಯ ‘ವಾದವನ್ನು ದುರ್ಬಲಗೊಳಿಸುವ’ ಪ್ರಶ್ನೆಗಳಲ್ಲಿ ಕೊನೆಗೆ ಎರಡು ಆಯ್ಕೆ ಉಳಿದರೆ ಏನು ಮಾಡಬೇಕು?

ಆಯ್ಕೆಗಳನ್ನು ನೋಡುವ ಮೊದಲೇ ತೀರ್ಮಾನ ಯಾವುದು, ಅದಕ್ಕೆ ಕೊಟ್ಟ ಆಧಾರ ಯಾವುದು ಅಂತ ಬೇರೆ ಮಾಡಿಕೊಳ್ಳಿ. ಇವೆರಡರ ನಡುವೆ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇರುತ್ತದೆ. ಸರಿಯಾದ ಉತ್ತರ ಸಾಮಾನ್ಯವಾಗಿ ಅಲ್ಲಿಗೇ ಪೆಟ್ಟು ಕೊಡುತ್ತದೆ.

ಹೀಗೊಂದು ಪ್ರಶ್ನೆ ಬಂತು ಅಂದುಕೊಳ್ಳಿ: ಬಸ್ ನಿಲ್ದಾಣದಲ್ಲಿ ಸಿಸಿಟಿವಿ ಹಾಕಿದ ಮೇಲೆ ಜೇಬುಗಳ್ಳತನದ ದೂರುಗಳು ಅರ್ಧಕ್ಕೆ ಇಳಿದವು. ಹಾಗಾಗಿ ಕ್ಯಾಮೆರಾಗಳಿಂದ ಕಳ್ಳತನ ಕಡಿಮೆಯಾಗಿದೆ.

ಆಧಾರ ಇರುವುದು ದೂರಿನ ಬಗ್ಗೆ, ತೀರ್ಮಾನ ಇರುವುದು ಕಳ್ಳತನದ ಬಗ್ಗೆ. ಎರಡೂ ಒಂದೇ ಅಲ್ಲ, ಅಲ್ವಾ? ಈಗ ಆಯ್ಕೆಗಳಿಗೆ ಬನ್ನಿ. ‘ಕ್ಯಾಮೆರಾ ತುಂಬಾ ದುಬಾರಿ’ ಅನ್ನುವುದಕ್ಕೂ ಈ ವಾದಕ್ಕೂ ಸಂಬಂಧವೇ ಇಲ್ಲ. ‘ಕೆಲವು ಕಳ್ಳರು ಕ್ಯಾಮೆರಾಗೆ ಹೆದರುವುದಿಲ್ಲ’ ಅನ್ನುವುದು ಸರಿಯುತ್ತರದಂತೆ ಕಾಣುತ್ತದೆ. ಆದರೆ ಉಳಿದವರು ಹೆದರಿದರೆ ಸಾಕು, ಕಳ್ಳತನ ಇಳಿಯುತ್ತದೆ. ‘ಅದೇ ತಿಂಗಳು ನಿಲ್ದಾಣದ ಪೊಲೀಸ್ ಚೌಕಿಯನ್ನು ದೂರಕ್ಕೆ ಸ್ಥಳಾಂತರಿಸಲಾಯಿತು’: ಉತ್ತರ ಇದೇ. ದೂರು ಕೊಡುವುದೇ ಕಷ್ಟವಾದರೆ, ಕಳ್ಳತನ ಇಳಿಯದೆಯೂ ದೂರು ಇಳಿಯಬಹುದು.

‘ಇದರಿಂದ ವಾದ ಸುಳ್ಳು ಅಂತ ಸಾಬೀತಾಗಲಿಲ್ಲ’ ಎಂದು ತುಂಬಾ ಜನ ಇಂಥ ಉತ್ತರವನ್ನೇ ಬಿಟ್ಟುಬಿಡುತ್ತಾರೆ. ಸಾಬೀತಾಗಬೇಕಿಲ್ಲ. ತೀರ್ಮಾನದ ಮೇಲಿನ ನಂಬಿಕೆ ಕಡಿಮೆಯಾದರೆ ಸಾಕು. ಆಯ್ಕೆಯಲ್ಲಿ ಹೇಳಿದ್ದು ನಿಜವೋ ಅಂತಲೂ ಸುಮ್ನೆ ಯೋಚಿಸುತ್ತಾ ಕೂರಬೇಡಿ. ನಿಜವೆಂದೇ ಒಪ್ಪಿಕೊಂಡು ಮುಂದೆ ಹೋಗಿ.

ಇಂಥ ಪ್ರಶ್ನೆಗಳು ಬರುವ ವರ್ಬಲ್ ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಎರಡು ಆಯ್ಕೆ ಉಳಿದಾಗ ಇಡೀ ಪ್ಯಾರಾ ಮತ್ತೆ ಓದುವಷ್ಟು ಸಮಯ ಇರುವುದಿಲ್ಲ, ತೀರ್ಮಾನದ ವಾಕ್ಯ ಮಾತ್ರ ಓದಿ.