ಗದ್ದೆ ತುಂಬಿಸಿದ ಸೈಟಿಗೂ ಸಮುದ್ರ ತುಂಬಿಸಿದ ನೆಲಕ್ಕೂ ಒಂದೇ ಚಿಕಿತ್ಸೆಯೇ?

ಸಮುದ್ರ ತುಂಬಿಸಿ ವಿಮಾನ ನಿಲ್ದಾಣವನ್ನೇ ಕಟ್ಟುವಾಗ, ಮಂಡ್ಯದಲ್ಲಿ ಗದ್ದೆ ತುಂಬಿಸಿದ ಸೈಟಿನಲ್ಲಿ ಮನೆ ಕಟ್ಟಲು ಯಾಕೆ ಹೆದರಬೇಕು ಎಂದು ಕೇಳಿದ್ದೀರಿ.

ಕಡಲ ತಳದ ಜೇಡಿಯ ತುಂಬ ನೀರು. ಮೇಲೆ ಭಾರ ಬಿದ್ದು ಆ ನೀರು ಹೊರಹೋದರೆ ಮಾತ್ರ ಮಣ್ಣು ಗಟ್ಟಿಯಾಗುತ್ತದೆ. ಆದರೆ ನೀರು ಸಾಗಬೇಕಾದ ದೂರ ಎರಡು ಪಟ್ಟಾದರೆ ಹಿಡಿಯುವ ಸಮಯ ನಾಲ್ಕು ಪಟ್ಟು. ಅದಕ್ಕೇ ಒಂದೆರಡು ಮೀಟರ್ ಅಂತರದಲ್ಲಿ ನೀರು ಬಸಿಯುವ ಪ್ಲಾಸ್ಟಿಕ್ ಪಟ್ಟಿಯನ್ನೋ ಮರಳಿನ ಕಂಬವನ್ನೋ ಆಳಕ್ಕೆ ಇಳಿಸಿ, ಮೇಲೆ ಮಣ್ಣಿನ ದಿಬ್ಬ ಹೇರಿ ತಿಂಗಳುಗಟ್ಟಲೆ ಕಾಯುತ್ತಾರೆ. ಕುಸಿಯಬೇಕಾದದ್ದು ಬಹುಪಾಲು ಕಟ್ಟಡಕ್ಕೆ ಮೊದಲೇ ಕುಸಿದಿರುತ್ತದೆ. ಪೂರ್ತಿ ಅಲ್ಲ: 1994ರಲ್ಲಿ ಶುರುವಾದ ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಮೇಲಿನ ಜೇಡಿಗೆ ಹೀಗೇ ಮಾಡಿದ್ದರು, ಅದರಡಿಯ ಪದರ ಇನ್ನೂ ಕುಗ್ಗುತ್ತಲೇ ಇದೆ.

ನಿಮ್ಮ ಮನೆಗೆ ಇಷ್ಟೆಲ್ಲ ಬೇಡ, ಖರ್ಚು ಗಿಟ್ಟುವುದಿಲ್ಲ. ಇಲ್ಲಿನ ತೊಂದರೆ ಹೆಚ್ಚಾಗಿ ಲಾರಿಯಲ್ಲಿ ತಂದು ಸುರಿದು, ರೋಲರ್ ಕಾಣಿಸದೆ ಬಿಟ್ಟ ಮಣ್ಣಿನದು (ಮಾರುವವರು ‘ಗಟ್ಟಿಯಾಗಿದೆ ಸಾರ್’ ಅಂತಲೇ ಹೇಳುತ್ತಾರೆ). ಮಣ್ಣು ಪರೀಕ್ಷೆ ಮಾಡಿಸಿ, ತುಂಬಿಸಿದ ಪದರ ದಾಟಿ ಗಟ್ಟಿ ನೆಲದವರೆಗೆ ಪಾಯ ಇಳಿಸಿ. ಕೆಳಗೆ ಎರೆಮಣ್ಣು ಸಿಕ್ಕರೆ ಲೆಕ್ಕವೇ ಬೇರೆ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಅಂಡರ್ ರೀಮ್ಡ್ ಪೈಲ್, ಅಂದರೆ ನೆಲದಾಳಕ್ಕೆ ಇಳಿಸುವ ಬುಡ ಅಗಲವಿರುವ ಕಾಂಕ್ರೀಟ್ ಕಂಬ, ಹಾಕಿಸುವುದೇ ಸರಿ.