ಕಾಟಾ ಪ್ರೋಗ್ರಾಮಿಗೆ ಪೋಲ್ ಸಾಕೋ, ಸಿಗ್‌ಐಒ ಬೇಕೋ?

ಮುಧೋಳದಿಂದ ನೀವು ಕೇಳಿರುವುದು ಇಷ್ಟು: ಕಬ್ಬಿನ ಕಾಟಾದ ತೂಕ ಸೀರಿಯಲ್ ಪೋರ್ಟಿನಿಂದ ಬರುತ್ತದೆ, ಜೊತೆಗೆ ಕೀಬೋರ್ಡು, ಬಿಲ್ ಸರ್ವರಿನ ಸಾಕೆಟ್ಟು. ಲಿನಕ್ಸ್, ಸಿ ಭಾಷೆ. ‘ಪೋಲಿಂಗ್ ಸಿಪಿಯು ತಿನ್ನುತ್ತದೆ, ಸಿಗ್ನಲ್ ಹಾಕು’ ಅಂತ ಗೆಳೆಯರು ಹೇಳಿದ್ದಾರೆ. ಅಂದರೆ ಸಿಗ್‌ಐಒ (SIGIO): ಡೇಟಾ ಬಂದಾಗ ಕರ್ನಲ್ (ಲಿನಕ್ಸಿನ ತಿರುಳು) ಪ್ರೋಗ್ರಾಮಿಗೆ ಕಳಿಸುವ ಸೂಚನೆ.

ನಾನಾದರೆ ಪೋಲ್ (poll) ಹಾಕುತ್ತೇನೆ. ಸಿಪಿಯು ತಿನ್ನುವುದು ಬೇರೆ ಪೋಲಿಂಗು: ‘ಬಂತಾ, ಬಂತಾ’ ಅಂತ ಲೂಪಿನಲ್ಲಿ ರೀಡ್ ಕರೆಯುತ್ತಲೇ ಇರುವುದು. ಪೋಲ್ ಕರೆ ಹಾಗಲ್ಲ ನೋಡ್ರಿ. ಮೂರೂ ಎಫ್‌ಡಿ (ತೆರೆದ ಪೋರ್ಟು, ಸಾಕೆಟ್ಟಿಗೆಲ್ಲ ಲಿನಕ್ಸ್ ಕೊಡುವ ನಂಬರು) ಕೊಟ್ಟರೆ ಕರ್ನಲ್ ನಿಮ್ಮ ಪ್ರೋಗ್ರಾಮನ್ನು ಮಲಗಿಸಿ, ಡೇಟಾ ಬಂದಾಗಲೋ ಟೈಮ್‌ಔಟ್ ಮುಗಿದಾಗಲೋ ಎಬ್ಬಿಸುತ್ತದೆ. ಟೈಮ್‌ಔಟ್ 0 ಕೊಟ್ಟರೆ ಮಾತ್ರ ಮತ್ತೆ ಅದೇ ಹಾಡು. 9600 ಬಾಡಿನಲ್ಲಿ ಬರುವುದು ಸೆಕೆಂಡಿಗೆ ಹೆಚ್ಚೆಂದರೆ 960 ಬೈಟು, ಅದು ಯಾವ ಭಾರವೂ ಅಲ್ಲ.

ಸಿಗ್‌ಐಒ ಸಾಮಾನ್ಯ ಸಿಗ್ನಲ್, ಸಾಲಿನಲ್ಲಿ ನಿಲ್ಲುವುದಿಲ್ಲ. ಕಾಟಾ ಮುಂದೆ ಹತ್ತು ಟ್ರ್ಯಾಕ್ಟರು ಒಟ್ಟಿಗೆ ಹಾರ್ನ್ ಹೊಡೆದರೂ ಒಳಗಿದ್ದವನಿಗೆ ಕೇಳುವುದು ಒಂದೇ ಸದ್ದು, ಹಾಗೆ. ಯಾವ ಎಫ್‌ಡಿ ಅಂತಲೂ ಹೇಳುವುದಿಲ್ಲ. ಮೂರನ್ನೂ ನಾನ್‌ಬ್ಲಾಕಿಂಗ್ (ಡೇಟಾ ಇಲ್ಲದಿದ್ದರೆ ರೀಡ್ ಕಾಯದೆ ಮರಳುವಂತೆ) ಮಾಡಿ ಖಾಲಿಯಾಗುವವರೆಗೆ ಓದಬೇಕು. ಹ್ಯಾಂಡ್ಲರಿನೊಳಗೆ, ಅಂದರೆ ಸಿಗ್ನಲ್ ಬಂದಾಗ ಓಡುವ ಫಂಕ್ಷನ್ನಿನೊಳಗೆ, ಪ್ರಿಂಟ್‌ಎಫ್, ಮ್ಯಾಲಕ್ (ಮೆಮೊರಿ ಕೇಳುವ ಕರೆ) ಕರೆಯುವಂತಿಲ್ಲ. ಮೇನ್ ಕೋಡ್ ಮ್ಯಾಲಕ್ ಲಾಕ್ ಹಿಡಿದಿದ್ದಾಗ ಸಿಗ್ನಲ್ ಬಂದು ಹ್ಯಾಂಡ್ಲರೂ ಮ್ಯಾಲಕ್ ಕೇಳಿದರೆ ಅಲ್ಲೇ ಜಾಮ್. ಹ್ಯಾಂಡ್ಲರ್ ಹಾಕುವ ಮೊದಲೇ ಅಸಿಂಕ್ ಫ್ಲ್ಯಾಗ್ (ಸಿಗ್‌ಐಒ ಕಳಿಸು ಅನ್ನುವ O_ASYNC) ಹಚ್ಚಿದ್ದರೆ ಮೊದಲ ಸಿಗ್ನಲ್ಲಿಗೇ ಪ್ರೋಗ್ರಾಂ ಸಾಯುತ್ತದೆ. ರಿಯಲ್‌ಟೈಮ್ ಸಿಗ್ನಲ್ ಸಾಲಿನಲ್ಲಿ ನಿಲ್ಲುತ್ತದೆ, ಎಫ್‌ಡಿಯನ್ನೂ ಹೇಳುತ್ತದೆ. ಆದರೆ ಸಾಲು ತುಂಬಿದರೆ ಮತ್ತೆ ಸಿಗ್‌ಐಒಗೇ ಬಂದು ನಿಲ್ಲುತ್ತೀರಿ.

ಪೋರ್ಟನ್ನು ರಾ ಮೋಡಿಗೆ (ಬೈಟು ಬಂದ ಹಾಗೇ ಸಿಗುವಂತೆ) ಹಾಕಿ, ವಿಮಿನ್ (ರೀಡ್ ಮರಳಲು ಕನಿಷ್ಠ ಎಷ್ಟು ಬೈಟು) 1, ವಿಟೈಮ್ (ರೀಡಿನ ಟೈಮರ್) 0. ಒಂದು ರೀಡಿಗೆ ಪೂರ್ತಿ ತೂಕ ಸಿಗುತ್ತದೆ ಅಂತ ನಂಬಬೇಡಿ, ‘24’ ಒಮ್ಮೆ, ‘580’ ಇನ್ನೊಮ್ಮೆ ಬರಬಹುದು. ಕೊನೆಯ ಗುರುತಿನ ಬೈಟ್ ಬರುವವರೆಗೆ ಬಫರಿನಲ್ಲಿ ಕೂಡಿಸಿ, ಆಮೇಲೆ ಬಿಡಿಸಿ. ಇದೊಂದು ತಪ್ಪಿದರೆ ರೈತರ ಚೀಟಿಯಲ್ಲೇ ತಪ್ಪು ತೂಕ.

ಟೈಮ್‌ಔಟ್ 500 ಮಿಲಿಸೆಕೆಂಡ್ ಸಾಕು. ಆದರೆ ‘ಕಾಟಾ ಮೌನವಾಗಿದೆ’ ಅಂತ ತಿಳಿಯಲು ಅದನ್ನೇ ನಂಬಬೇಡಿ. ಯಾರೋ ಕೀ ಒತ್ತುತ್ತಲೇ ಇದ್ದರೆ ಟೈಮ್‌ಔಟ್ ಮುಗಿಯುವುದೇ ಇಲ್ಲ. ಕೊನೆಯ ಬೈಟ್ ಬಂದ ಹೊತ್ತನ್ನು ಮೊನೊಟೋನಿಕ್ (ಹಿಂದೆ ಹೋಗದ) ಗಡಿಯಾರದಿಂದ ಬರೆದಿಟ್ಟುಕೊಂಡು, 2 ಸೆಕೆಂಡ್ ದಾಟಿದರೆ ಪರದೆಯ ಮೇಲಿನ ಹಳೇ ತೂಕ ಅಳಿಸಿ.

ಸಿಗ್‌ಟರ್ಮ್ (ಪ್ರೋಗ್ರಾಂ ನಿಲ್ಲಿಸು ಅನ್ನುವ ಸಿಗ್ನಲ್) ಮಾತ್ರ ಹೇಗೂ ಬೇಕು. ಅದನ್ನು ಮೊದಲು ಬ್ಲಾಕ್ ಮಾಡಿ, ಸಿಗ್ನಲ್‌ಎಫ್‌ಡಿ (ಸಿಗ್ನಲ್ಲನ್ನು ರೀಡಿನಿಂದ ಓದಲು ಕೊಡುವ ಎಫ್‌ಡಿ) ತೆರೆದು ಅದೇ ಪೋಲಿಗೆ ನಾಲ್ಕನೆಯದಾಗಿ ಸೇರಿಸಿ. ಬೇರೆ ಯಾವುದಕ್ಕಾದರೂ ಹ್ಯಾಂಡ್ಲರ್ ಇಟ್ಟುಕೊಂಡರೆ, ರೀಸ್ಟಾರ್ಟ್ ಫ್ಲ್ಯಾಗ್ ಹಾಕಿದ್ದರೂ ಪೋಲ್ ‘ಈ-ಇಂಟರ್’ (EINTR, ಸಿಗ್ನಲ್ ನಡುವೆ ಬಂತು ಅನ್ನುವ ಎರರ್) ಅಂತ ವಾಪಸ್ ಬರುತ್ತದೆ. ಲೂಪಿನಲ್ಲಿ ಮತ್ತೆ ಕರೆಯಿರಿ. ನಾಲ್ಕು ಎಫ್‌ಡಿಗೆ ಎಪೋಲ್ (ತುಂಬಾ ಎಫ್‌ಡಿ ಇದ್ದಾಗ ಬಳಸುವ ಪೋಲ್‌ನಂಥ ಕರೆ) ಅಗತ್ಯವಿಲ್ಲ.

ಎಲ್ಲ ಆದಮೇಲೆ, ಸೀರಿಯಲ್ ಪೋರ್ಟು ಯುಎಸ್‌ಬಿ ಮೂಲಕ ಇದ್ದರೆ, ಆ ಕೇಬಲ್ ಕಿತ್ತು ‘ಟಾಪ್’ (ಸಿಪಿಯು ಬಳಕೆ ತೋರಿಸುವ ಕಮಾಂಡ್) ನೋಡಿ. ಸಿಪಿಯು 100ಕ್ಕೆ ಏರಿದರೆ ಪೋಲ್‌ಹಪ್ (POLLHUP, ಆ ಕಡೆಯ ಸಂಪರ್ಕ ಕಡಿದಿದೆ ಅಂತ ಪೋಲ್ ಕೊಡುವ ಗುರುತು) ನೋಡಿಕೊಂಡಿಲ್ಲ ಅಂತಲೇ ಅರ್ಥ. ಅದು ಬಂದಾಗ ಪೋರ್ಟ್ ಮುಚ್ಚಿ, ಆ ಸ್ಥಾನದ ಎಫ್‌ಡಿಗೆ -1 ಹಾಕಿ. ಪೋಲ್ ಅದನ್ನು ಬಿಟ್ಟು ಉಳಿದವನ್ನು ಕಾಯುತ್ತದೆ, ಪೋರ್ಟನ್ನು 2 ಸೆಕೆಂಡಿಗೊಮ್ಮೆ ಮತ್ತೆ ತೆರೆಯಲು ನೋಡಬಹುದು.